‘ಡಿಪೆಂಡೆಂಟ್ ಪ್ರಿಪೊಸಿಷನ್’ ಅಂದರೆ ಏನು?

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಬರೆಯುವ ಇಂಗ್ಲಿಷಿನಲ್ಲಿ ಒಂದು ವಾಕ್ಯ ಆಗಾಗ ಸಿಗುತ್ತದೆ: ‘ಟೀಚರ್ ಈಸ್ ಆ್ಯಂಗ್ರಿ ಆನ್ ಮಿ.’ ಕ್ರಿಯಾಪದ ಸರಿ ಇದೆ, ಗುಣವಾಚಕವೂ ಸರಿ ಇದೆ. ತಪ್ಪಿರುವುದು ‘ಆನ್’ ಒಂದೇ. ಅಲ್ಲಿ ‘ವಿತ್’ ಬರಬೇಕು, ‘ಆ್ಯಂಗ್ರಿ ವಿತ್ ಮಿ’ ಆಗಬೇಕು.

ನಾಮಪದಕ್ಕೆ ಮೊದಲು ಬಂದು ಅದನ್ನು ವಾಕ್ಯದ ಬೇರೆ ಪದಕ್ಕೆ ಜೋಡಿಸುವ ‘ಆನ್’, ‘ವಿತ್’ನಂಥ ಪುಟ್ಟ ಪದವೇ ಪ್ರಿಪೊಸಿಷನ್. ಇಂಗ್ಲಿಷ್ ಕಲಿಸುವವರು ಇಲ್ಲಿಯ ‘ವಿತ್’ನಂಥದ್ದಕ್ಕೆ ‘ಡಿಪೆಂಡೆಂಟ್ ಪ್ರಿಪೊಸಿಷನ್’ ಅನ್ನುತ್ತಾರೆ. ‘ಪೆನ್ ಮೇಜಿನ ಮೇಲಿದೆ’ ಅನ್ನುವಾಗ ಬರುವ ‘ಆನ್’ಗೆ ತನ್ನದೇ ಅರ್ಥ ಉಂಟು. ಅದನ್ನು ತೆಗೆದು ‘ಅಂಡರ್’ ಹಾಕಿದರೆ ಪೆನ್ ಮೇಜಿನ ಅಡಿಗೆ ಹೋಗುತ್ತದೆ. ‘ಆ್ಯಂಗ್ರಿ ವಿತ್’, ‘ಅಫ್ರೇಡ್ ಆಫ್’, ‘ಇಂಟರೆಸ್ಟೆಡ್ ಇನ್’ ಇವುಗಳಲ್ಲಿ ಹಾಗಿಲ್ಲ. ಯಾವ ಪ್ರಿಪೊಸಿಷನ್ ಬರಬೇಕು ಅಂತ ಹಿಂದಿನ ಗುಣವಾಚಕವೇ ನಿರ್ಧರಿಸಿಬಿಟ್ಟಿರುತ್ತದೆ. ಆಯ್ಕೆ ಮಾಡುವ ಸ್ವಾತಂತ್ರ್ಯ ನಮಗಿಲ್ಲ.

ಮಗು ‘ಆನ್’ ಬರೆದದ್ದಕ್ಕೆ ಕಾರಣ ಉಂಟಲ್ವಾ? ಕನ್ನಡದಲ್ಲಿ ‘ಟೀಚರಿಗೆ ನನ್ನ ಮೇಲೆ ಕೋಪ’. ‘ಮೇಲೆ’ ಅಂದರೆ ‘ಆನ್’ ಅಂತ ಕಲಿತ ಮಗು ಅದನ್ನೇ ಬರೆಯಿತು. ನಮ್ಮ ಊರಿನಲ್ಲಿ ಇದನ್ನು ಇನ್ನೂ ಹತ್ತಿರದಿಂದ ನೋಡಬಹುದು, ಯಾಕೆಂದರೆ ಪಕ್ಕದ ಬೆಂಚಿನಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ ಕಿವಿಗೆ ಬೀಳುತ್ತಲೇ ಇರುತ್ತದೆ. ಮಲಯಾಳದಲ್ಲಿ ಇದೇ ಮಾತು ‘ಟೀಚರ್‌ಕ್ಕ್ ಎನ್ನೋಡ್ ದೇಷ್ಯಮಾಣ್’. ಆ ‘ಓಡ್’ ಪ್ರತ್ಯಯ ನಮ್ಮ ‘ಒಡನೆ’ಗೆ ಹತ್ತಿರ. ಹಾಗಾಗಿ ಮಲಯಾಳದಲ್ಲಿ ಯೋಚಿಸಿ ಬರೆಯುವ ಮಗು ‘ಆ್ಯಂಗ್ರಿ ವಿತ್’ಗೆ ಸುಲಭವಾಗಿ ತಲುಪಬಹುದು. ಆದರೆ ಆ ದಾರಿಯನ್ನೂ ಪೂರ್ತಿ ನಂಬುವಂತಿಲ್ಲ. ಹಾವಿನ ಹೆದರಿಕೆಯನ್ನೇ ನೋಡಿ. ಮಲಯಾಳದಲ್ಲಿ ‘ಪಾಂಬಿನೆ ಪೇಡಿ’, ಅಂದರೆ ಹಾವಿಗೆ ದ್ವಿತೀಯಾ ವಿಭಕ್ತಿ. ಕನ್ನಡದಲ್ಲಿ ‘ಹಾವಿಗೆ ಹೆದರುತ್ತೇನೆ’, ಅಂದರೆ ಚತುರ್ಥೀ. ಇಂಗ್ಲಿಷಿನಲ್ಲಿ ‘ಅಫ್ರೇಡ್ ಆಫ್ ಸ್ನೇಕ್ಸ್’. ಹೆದರಿಕೆ ಒಂದೇ, ಆದರೆ ಮೂರು ಭಾಷೆಗಳೂ ಅದನ್ನು ಹಾವಿಗೆ ಜೋಡಿಸುವ ರೀತಿ ಬೇರೆ ಬೇರೆ.

ಇಂಗ್ಲಿಷಿಗೆ ಈ ಪುಟ್ಟ ಪದಗಳು ಇಷ್ಟೊಂದು ಯಾಕೆ ಬೇಕಾದವು? ಸುಮಾರು ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳಿಗೆ ನಮ್ಮ ಹಾಗೆಯೇ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲ ಹೋದ ಹಾಗೆ ಅವು ಸವೆದು ಹೋದವು. ‘ಹಿ, ಹಿಮ್, ಹಿಸ್’ ಅನ್ನುವಂಥ ಸರ್ವನಾಮಗಳಲ್ಲಿ ಅದರ ಗುರುತು ಈಗಲೂ ಸ್ಪಷ್ಟವಾಗಿ ಉಳಿದಿದೆ. ಪ್ರತ್ಯಯ ಮಾಡುತ್ತಿದ್ದ ಕೆಲಸದ ದೊಡ್ಡ ಪಾಲು ಪ್ರಿಪೊಸಿಷನ್‌ಗಳ ತಲೆಗೆ ಬಂತು. ನಾವು ನಾಮಪದದ ಕೊನೆಗೆ ಅಂಟಿಸುವುದನ್ನು ಅವರು ನಾಮಪದಕ್ಕಿಂತ ಮೊದಲು ಬಿಡಿಯಾಗಿ ಇಡುತ್ತಾರೆ.

ಹಾಗಂತ ನಮ್ಮ ಒಂದು ಪ್ರತ್ಯಯಕ್ಕೆ ಅವರ ಒಂದು ಪ್ರಿಪೊಸಿಷನ್ ಅಂತ ಲೆಕ್ಕ ಹಾಕಿದರೆ ಕೆಟ್ಟಿತು. ನಮ್ಮ ‘ಗೆ’ ಒಂದನ್ನೇ ತೆಗೆದುಕೊಳ್ಳಿ. ಪೇಟೆಗೆ ಹತ್ತಿರ ಅಂದರೆ ‘ಕ್ಲೋಸ್ ಟು’. ಪರೀಕ್ಷೆಗೆ ತಯಾರು ಅಂದರೆ ‘ರೆಡಿ ಫಾರ್’. ಹಾವಿಗೆ ಹೆದರಿದರೆ ‘ಆಫ್’. ಇಂಗ್ಲಿಷಿನೊಳಗೂ ತರ್ಕ ಹುಡುಕಿದರೆ ಯಾವಾಗಲೂ ಸಿಗುವುದಿಲ್ಲ. ‘ಡಿಪೆಂಡೆಂಟ್’ ಆದರೆ ‘ಆನ್’, ಅದರ ವಿರುದ್ಧ ಪದ ‘ಇಂಡಿಪೆಂಡೆಂಟ್’ ಆದರೆ ‘ಆಫ್’. ಅದಕ್ಕೇ ಗುಣವಾಚಕವನ್ನು ಒಂಟಿಯಾಗಿ ಬಾಯಿಪಾಠ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ‘ಪ್ರೌಡ್ ಅಂದರೆ ಹೆಮ್ಮೆ’ ಅಂತ ಹೇಳಿಕೊಟ್ಟರೆ ಅರ್ಧ ಮಾತ್ರ ಕಲಿಸಿದ ಹಾಗೆ. ‘ಪ್ರೌಡ್ ಆಫ್’ ಅಂತ ಒಂದೇ ಉಸಿರಿನಲ್ಲಿ ಕಲಿಸಬೇಕು.

ಕೆಲವು ಗುಣವಾಚಕಗಳು ಅರ್ಥಕ್ಕೆ ತಕ್ಕಂತೆ ಜೊತೆಯನ್ನು ಬದಲಿಸುತ್ತವೆ. ‘ಗುಡ್’ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ. ಅಕ್ಕ ಅಡುಗೆಯಲ್ಲಿ ಪಳಗಿದವಳು ಅಂದರೆ ‘ಗುಡ್ ಆ್ಯಟ್ ಕುಕಿಂಗ್’. ಎಳನೀರು ಆರೋಗ್ಯಕ್ಕೆ ಒಳ್ಳೆಯದು ಅಂದರೆ ‘ಗುಡ್ ಫಾರ್’. ಮಕ್ಕಳನ್ನು ಸಂಭಾಳಿಸುವುದು ಚೆನ್ನಾಗಿ ಗೊತ್ತು ಅಂದರೆ ‘ಗುಡ್ ವಿತ್ ಚಿಲ್ಡ್ರನ್’. ಕಷ್ಟದಲ್ಲಿ ನನ್ನನ್ನು ಚೆನ್ನಾಗಿ ನೋಡಿಕೊಂಡಳು ಅಂದರೆ ‘ಶಿ ವಾಸ್ ಗುಡ್ ಟು ಮಿ’. ‘ಟೈರ್ಡ್’ ಕೂಡ ಹಾಗೆಯೇ. ತೋಟದ ಕೆಲಸ ಮಾಡಿ ಮೈ ದಣಿದರೆ ‘ಟೈರ್ಡ್ ಫ್ರಮ್’, ಆ ಕೆಲಸವೇ ಸಾಕುಸಾಕಾಗಿ ಹೋದರೆ ‘ಟೈರ್ಡ್ ಆಫ್’. ರಜಾಚೀಟಿಯಲ್ಲಿ ಇದು ಅದಲುಬದಲಾದರೆ ಮಾತಿನ ಅರ್ಥವೇ ಬದಲಾಗುತ್ತದೆ.

‘ಸೀನಿಯರ್ ದ್ಯಾನ್ ಮಿ’ ಅನ್ನುವುದನ್ನು ಶಿಕ್ಷಕರ ಬಾಯಲ್ಲೂ ಕೇಳಬಹುದು. ಹೋಲಿಕೆ ಬಂದರೆ ‘ದ್ಯಾನ್’ ಅನ್ನುವ ಪಾಠ ಮನಸ್ಸಿನಲ್ಲಿ ಕೂತಿರುತ್ತದೆ. ಆದರೆ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್ ಇವು ಲ್ಯಾಟಿನ್‌ನಿಂದ ಬಂದ ಹೋಲಿಕೆಯ ರೂಪಗಳು. ಇವಕ್ಕೆ ‘ಟು’ ಬೇಕು: ‘ಶಿ ಈಸ್ ಸೀನಿಯರ್ ಟು ಮಿ’.

ಇನ್ನು ಕ್ರಿಯಾವಿಶೇಷಣ, ಅಂದರೆ ಆ್ಯಡ್ವರ್ಬ್. ಹೆಸರಿನಲ್ಲಿ ‘ಕ್ರಿಯಾ’ ಇದ್ದರೂ ಇದು ಗುಣವಾಚಕಕ್ಕೂ ಒತ್ತು ಕೊಡುತ್ತದೆ. ಜಾಗ ಸಾಮಾನ್ಯವಾಗಿ ಗುಣವಾಚಕದ ಮುಂದೆ: ‘ರಿಯಲಿ ಗುಡ್ ಆ್ಯಟ್ ಮ್ಯಾಥ್ಸ್’. ‘ರಿಯಲಿ’ ಬಂದರೂ ಹೋದರೂ ‘ಆ್ಯಟ್’ ಅಲುಗಾಡುವುದಿಲ್ಲ. ಆದರೆ ಯಾವ ಗುಣವಾಚಕದ ಮುಂದೆ ಯಾವ ಆ್ಯಡ್ವರ್ಬ್ ಅನ್ನುವುದರಲ್ಲಿ ಇಂಗ್ಲಿಷಿಗೆ ತನ್ನದೇ ರೂಢಿ ಉಂಟು. ನಮಗೆ ‘ತುಂಬ’ ಅನ್ನುವ ಒಂದು ಪದ ಎಲ್ಲ ಕಡೆಯೂ ಸಾಕು. ಇಲ್ಲಿಯ ಅನೇಕ ಕುಟುಂಬಗಳು ಅಡಿಕೆಯನ್ನು ತುಂಬ ನೆಚ್ಚಿಕೊಂಡಿವೆ ಅನ್ನಲು ಇಂಗ್ಲಿಷಿನಲ್ಲಿ ‘ಹೆವಿಲಿ ಡಿಪೆಂಡೆಂಟ್ ಆನ್’ ಚೆನ್ನಾಗಿ ಒಪ್ಪುತ್ತದೆ. ಚೆನ್ನಾಗಿ ಗೊತ್ತಿದೆ ಅಂದರೆ ‘ವೆಲ್ ಅವೇರ್ ಆಫ್’. ತುಂಬ ಹತ್ತಿರದ ಸಂಬಂಧ, ಕನ್ನಡಕ್ಕೂ ತುಳುವಿಗೂ ಇರುವ ಹಾಗೆ, ಅಂದರೆ ‘ಕ್ಲೋಸ್ಲಿ ರಿಲೇಟೆಡ್ ಟು’. ಬಹಳ ಮೇಲು ಅಂದರೆ ‘ಫಾರ್ ಸುಪೀರಿಯರ್ ಟು’. ಇಲ್ಲಿ ‘ವೆರಿ’ ಹೊಂದುವುದಿಲ್ಲ. ಹೀಗೆ ಎರಡು ಪದಗಳ ಗಂಟು ಮೂರು ಪದಗಳದ್ದಾಗುತ್ತದೆ. ‘ಇನಫ್’ ಒಂದು ಮಾತ್ರ ಸಾಲು ಬಿಟ್ಟು ಗುಣವಾಚಕದ ಆಚೆ ಹೋಗಿ ಕೂರುತ್ತದೆ: ‘ಗುಡ್ ಇನಫ್ ಫಾರ್ ಮಿ’.

ಆ್ಯಡ್ವರ್ಬ್ ನೇರವಾಗಿ ಪ್ರಿಪೊಸಿಷನ್ನಿಗೂ ಒತ್ತು ಕೊಡಬಲ್ಲದು. ‘ರೈಟ್ ಬಿಹೈಂಡ್ ದ ಸ್ಕೂಲ್’ ಅಂದರೆ ಶಾಲೆಯ ಹಿಂದೆಯೇ. ‘ಜಸ್ಟ್ ಪಾಸ್ಟ್ ದ ಬ್ರಿಜ್’ ಅಂದರೆ ಸೇತುವೆ ದಾಟಿದ ಕೂಡಲೇ. ಗಮನಿಸಿ, ಅವರು ‘ರೈಟ್’, ‘ಜಸ್ಟ್’ ಅಂತ ಪೂರ್ತಿ ಪದ ಹಾಕುವ ಕಡೆ ನಮಗೆ ಕೊನೆಯ ‘ಏ’ಕಾರ ಸಾಕಾಗುತ್ತದೆ. ಚಂದ್ರಗಿರಿ ಸೇತುವೆಯ ಹತ್ತಿರ ದಾರಿ ಹೇಳುವವರು ‘ಎದುರಿಗೇ’, ‘ಪಕ್ಕದಲ್ಲೇ’ ಅಂತ ಆ ‘ಏ’ಯನ್ನು ಎಷ್ಟು ಎಳೆಯುತ್ತಾರೆ ಅಂತ ಒಮ್ಮೆ ಕೇಳಿ ನೋಡಿ.

ಡಿಪೆಂಡೆಂಟ್ ಪ್ರಿಪೊಸಿಷನ್ ಹೌದೋ ಅಲ್ಲವೋ ಅಂತ ತಿಳಿಯಲು ಇದೇ ಒಳ್ಳೆಯ ಪರೀಕ್ಷೆ. ‘ರೈಟ್ ಬಿಹೈಂಡ್’ ಆಗುತ್ತದೆ, ‘ಅಫ್ರೇಡ್ ರೈಟ್ ಆಫ್’ ಆಗುವುದೇ ಇಲ್ಲ. ‘ಬಿಹೈಂಡ್’ಗೆ ಒಂದು ಜಾಗದ ಅರ್ಥ ಇರುವುದರಿಂದ ಅದಕ್ಕೆ ಒತ್ತು ಕೊಡಬಹುದು. ‘ಆಫ್’ಗೆ ಅಲ್ಲಿ ಸ್ವಂತ ಅರ್ಥವೇ ಇಲ್ಲ, ಒತ್ತು ಯಾವುದಕ್ಕೆ ಕೊಡುವುದು? ಬೇಕಿದ್ದರೆ ‘ಟೆರಿಬ್ಲಿ ಅಫ್ರೇಡ್ ಆಫ್’ ಅಂತ ಗುಣವಾಚಕಕ್ಕೇ ಕೊಡಬೇಕು.

ಪ್ರಶ್ನೆ ಕೇಳುವಾಗ ಈ ನಂಟು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕನ್ನಡದಲ್ಲಿ ‘ನೀನು ಯಾವುದಕ್ಕೆ ಹೆದರುತ್ತೀ?’ ಅಂತ ಕೇಳಿದರೆ ಪ್ರತ್ಯಯ ಪ್ರಶ್ನೆಯ ಪದದ ಜೊತೆ ಹೋಗುತ್ತದೆ. ಇಂಗ್ಲಿಷಿನಲ್ಲಿ ‘ವಾಟ್ ಆರ್ ಯು ಅಫ್ರೇಡ್ ಆಫ್?’ ‘ವಾಟ್’ ಮುಂದಕ್ಕೆ ಹೋದರೂ ‘ಆಫ್’ ಮಾತ್ರ ‘ಅಫ್ರೇಡ್’ ಪಕ್ಕದಲ್ಲೇ ಉಳಿಯುತ್ತದೆ. ಮಕ್ಕಳು ಹೆಚ್ಚಾಗಿ ಬಿಟ್ಟುಬಿಡುವುದು ಈ ಕೊನೆಯ ‘ಆಫ್’ ಅನ್ನೇ. ‘ಹೂ ಆರ್ ಯು ಆ್ಯಂಗ್ರಿ ವಿತ್?’, ‘ವಾಟ್ ಆರ್ ಯು ಗುಡ್ ಆ್ಯಟ್?’ ಅಂತ ಮಕ್ಕಳು ಒಬ್ಬರನ್ನೊಬ್ಬರು ಗಟ್ಟಿಯಾಗಿ ಕೇಳಲಿ. ಉತ್ತರದಲ್ಲಿ ಕೆಲಸದ ಹೆಸರು ಬಂದರೆ ‘ಸಿಂಗಿಂಗ್’, ‘ಡ್ರಾಯಿಂಗ್’ ಅಂತ ‘ಇಂಗ್’ ರೂಪವೇ ಬೇಕು: ‘ಐ ಆ್ಯಮ್ ಗುಡ್ ಆ್ಯಟ್ ಸಿಂಗಿಂಗ್.’ ‘ಗುಡ್ ಆ್ಯಟ್ ಟು ಸಿಂಗ್’ ಅನ್ನುವುದು ಇಂಗ್ಲಿಷಿನಲ್ಲಿ ಇಲ್ಲ.