ಜಾಲರಿಯ ಹಿಂದಿನ ಆಮಿನಾ

ಮೆಟ್ಟಿಲ ಮೇಲಿನ ಹೆಜ್ಜೆಯ ಸದ್ದಿನಿಂದಲೇ ಗಂಡನ ಆ ಹೊತ್ತಿನ ಮನಸ್ಸನ್ನು ಅಳೆಯಬಲ್ಲ ಹೆಂಗಸರನ್ನು ನನ್ನ ಆಪ್ತಸಮಾಲೋಚನೆಯ ಕೊಠಡಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಅವರ ಮಾತು ಕೇಳುವಾಗ ನೆನಪಾಗುವವಳು ಈಜಿಪ್ಟಿನ ಕಾದಂಬರಿಕಾರ ನಜೀಬ್ ಮಹಫೂಜ್ ಅವರ ಮೂರು ಕಾದಂಬರಿಗಳ ಸರಣಿಯಾದ ಕೈರೋ ತ್ರಿವಳಿಯ ಆಮಿನಾ. 1956ರಲ್ಲಿ ಪ್ರಕಟವಾದ ಮೊದಲ ಸಂಪುಟ ‘ಬೈನಲ್ ಕಸ್ರೈನ್’ ಆರಂಭವಾಗುವುದೇ ಅವಳು ನಡುರಾತ್ರಿ ಎಚ್ಚರಗೊಳ್ಳುವುದರಿಂದ. ಗಡಿಯಾರದ ಗಂಟೆಯ ಹಂಗಿಲ್ಲದೆ, ಮನೆಗೆ ಮರಳುವ ಗಂಡನಿಗೆ ದೀಪ ಹಿಡಿಯಬೇಕೆಂಬ ವರ್ಷಗಳ ರೂಢಿಯೇ ಅವಳನ್ನು ಎಬ್ಬಿಸುತ್ತದೆ.

ಹದಿನಾಲ್ಕು ತುಂಬುವ ಮೊದಲೇ ಮದುವೆಯಾಗಿ ಆ ದೊಡ್ಡ ಮನೆಗೆ ಬಂದವಳನ್ನು ಮೊದಲು ಕಾಡಿದ್ದು ಜಿನ್‌ಗಳ, ಅಂದರೆ ಕಣ್ಣಿಗೆ ಕಾಣದ ಭೂತಗಳ, ಭಯ. ದೀಪ ಹಿಡಿದು ಕೋಣೆಯಿಂದ ಕೋಣೆಗೆ ನಡೆಯುತ್ತಾ, ಕುರಾನಿನ ಅಧ್ಯಾಯಗಳನ್ನು ಪಠಿಸುತ್ತಾ ಆ ಭಯದೊಡನೆ ಬದುಕುವುದನ್ನು ಅವಳು ಕಲಿತಳು. ಗಂಡ ಅಹಮದ್ ಅಬ್ದುಲ್ ಜವಾದನ ರಾತ್ರಿಯ ತಿರುಗಾಟಕ್ಕೆ ಒಮ್ಮೆ ಮೆಲ್ಲಗೆ ಆಕ್ಷೇಪಿಸಿದಾಗ ಅವನು ಅವಳ ಕಿವಿ ಹಿಡಿದು ಗದರಿಸಿದ. ಗಂಡನ ಕುರಿತ ಈ ಎರಡನೆಯ ಭಯವನ್ನೂ ಅವಳು ಮೊದಲನೆಯದರಂತೆಯೇ ಪಳಗಿಸಿಕೊಂಡಳು ಎಂಬುದು ನನ್ನ ಓದು. ಇದನ್ನು ‘ಕಲಿತ ಅಸಹಾಯಕತೆ’, ಅಂದರೆ ಏನು ಮಾಡಿದರೂ ಫಲವಿಲ್ಲವೆಂದು ಅನುಭವದಿಂದ ಕಲಿತು ಕೈಚೆಲ್ಲುವ ಸ್ಥಿತಿ, ಎಂದು ಕರೆಯುವುದು ಸುಲಭ, ಆದರೆ ನಾನು ಒಪ್ಪುವುದಿಲ್ಲ. ಅಸಹಾಯಕತೆಗೆ ಶರಣಾದವರು ಪ್ರಯತ್ನವನ್ನೇ ಬಿಟ್ಟುಬಿಡುತ್ತಾರೆ; ಆಮಿನಾ ತಾರಸಿಯ ಮೇಲೆ ಕೋಳಿ, ಪಾರಿವಾಳಗಳನ್ನು ಸಾಕಿ, ಮಲ್ಲಿಗೆ ಹಬ್ಬಿಸಿ, ತನ್ನದೇ ಆದ ಒಂದು ಲೋಕವನ್ನು ಕಟ್ಟಿಕೊಂಡವಳು.

ಮರದ ಜಾಲರಿ ಹೊದಿಸಿದ ಬಾಲ್ಕನಿಯಲ್ಲಿ, ಅಂದರೆ ಮಶ್ರಬಿಯ್ಯದಲ್ಲಿ, ನಿಂತು ಅವಳು ಕಾಯುವ ದೃಶ್ಯವನ್ನು ನಿಧಾನವಾಗಿ ಓದಬೇಕು. ಕುದುರೆಗಾಡಿಯಿಂದ ಇಳಿಯುತ್ತಾ ಅಹಮದ್ ಗೆಳೆಯರೊಂದಿಗೆ ನಗುತ್ತಾನೆ, ಚಟಾಕಿ ಹಾರಿಸುತ್ತಾನೆ. ಹೊಸ್ತಿಲು ದಾಟಿದೊಡನೆ ಆ ನಗು ಮಾಯವಾಗಿ, ಮೆಟ್ಟಿಲ ಮೇಲೆ ಅವನ ಕೋಲಿನ ಸದ್ದು ಮಾತ್ರ ಉಳಿಯುತ್ತದೆ. ಗಂಡನ ಉಲ್ಲಾಸ ಅವಳ ಪಾಲಿಗೆ ಬರುವುದು ಹೀಗೆ ಕದ್ದು ಕೇಳಿದ ದನಿಯಾಗಿ ಮಾತ್ರ. ಕುಡಿತ ಪಾಪವೆಂದು ನಂಬಿದವಳಾದರೂ, ಅದರ ಅಮಲಿನಲ್ಲಿ ಅವನು ನಾಲ್ಕು ಮಾತು ಹೆಚ್ಚು ಆಡುತ್ತಾನೆಂಬ ಕಾರಣಕ್ಕೆ ಆ ಗಳಿಗೆ ಅವಳಿಗೆ ಹಿತವಾಗಿರುತ್ತದೆ. ಅಪರೂಪಕ್ಕೆ ಸಿಗುವ ಅಕ್ಕರೆ ಕಾಯುವವರನ್ನು ಎಷ್ಟು ಗಟ್ಟಿಯಾಗಿ ಕಟ್ಟಿಹಾಕುತ್ತದೆಂಬುದನ್ನು ಇಷ್ಟು ನಿಖರವಾಗಿ ಹೇಳಿದ ಪುಟಗಳನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ನಾನು ಓದಿಲ್ಲ.

ಗಂಡ ಊರಲ್ಲಿಲ್ಲದ ದಿನ ಅವಳು ಕಿರಿಯ ಮಗ ಕಮಾಲನೊಂದಿಗೆ ಹುಸೇನ್ ಮಸೀದಿಗೆ ಹೋಗುತ್ತಾಳೆ. ದಾರಿಯಲ್ಲಿ ಕಾರು ಬಡಿದು ಹೆಗಲಿನ ಮೂಳೆ ಮುರಿಯುತ್ತದೆ. ಗಂಡನೆದುರು ನಿಂತಾಗ ಸುಳ್ಳು ಅವಳ ನಾಲಿಗೆಗೆ ಬರುವುದಿಲ್ಲ, ನಿಜವನ್ನೇ ಹೇಳಿಬಿಡುತ್ತಾಳೆ. ಪ್ರಾಮಾಣಿಕತೆಯ ಜೊತೆಗೆ ಇಲ್ಲಿ ಇನ್ನೊಂದು ಅಂಶವಿದೆ: ಅವನ ಕೋಪ ಅವಳಿಗೆ ಪರಿಚಿತ, ಅವನಿಂದ ಮುಚ್ಚಿಟ್ಟು ಬದುಕುವುದು ಅಪರಿಚಿತ. ಭಯದಲ್ಲಿ ಬೆಳೆದ ಮನಸ್ಸು ಅನಿಶ್ಚಿತತೆಗಿಂತ ಶಿಕ್ಷೆಯನ್ನೇ ಆರಿಸಿಕೊಳ್ಳುವುದು ಅಪರೂಪವಲ್ಲ. ಅಹಮದ್ ಅವಳು ಚೇತರಿಸಿಕೊಳ್ಳುವವರೆಗೆ ಕಾದು, ಆಮೇಲೆ ತವರಿಗೆ ಕಳುಹಿಸುತ್ತಾನೆ.

ಬ್ರಿಟಿಷರ ಆಳ್ವಿಕೆಯ ವಿರುದ್ಧ ಈಜಿಪ್ಟಿನಲ್ಲಿ ನಡೆದ 1919ರ ಚಳವಳಿಯಲ್ಲಿ ಮಗ ಫಹ್ಮಿ ಗುಂಡಿಗೆ ಬಲಿಯಾದ ನಂತರವೇ ಅವಳಿಗೆ ಹೊರಗೆ ಹೋಗುವ ಅನುಮತಿ ಸಿಗುವುದು. 1957ರ ಕೊನೆಯ ಸಂಪುಟದಲ್ಲಿ ಮುದುಕಿ ಆಮಿನಾ ಮಸೀದಿಗಳನ್ನು ಸುತ್ತಿ ಬರುತ್ತಾಳೆ; ಕಾಯಿಲೆಯಿಂದ ಸೊರಗಿದ ಅಹಮದ್ ಅದೇ ಜಾಲರಿಯ ಹಿಂದೆ ಕುಳಿತು ಬೀದಿ ನೋಡುತ್ತಾನೆ.