ಪಾರ್ಕಿಗೆ ಕರ್ಕೊಂಡು ಹೋದ್ರೆ ಐದೇ ನಿಮಿಷಕ್ಕೆ "ಬೋರು" ಅಂತಾನೆ, ಏನ್ ಮಾಡ್ಲಿ?

ಪ್ರಶ್ನೆ: ಮಗನಿಗೆ ಎಂಟು ವರ್ಷ. ಮನೇಲಿದ್ರೆ ಟಿವಿ, ಇಲ್ಲಾಂದ್ರೆ ಟ್ಯಾಬ್. ದಿನಾ ಒಂದು ಗಂಟೆ ಆಡ್ಬೇಕು ಅಂತಾರಲ್ಲ ಅಂತ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ, ಹೋಗಿ ಐದು ನಿಮಿಷ ಆಗಿರಲ್ಲ, "ಬೋರ್ ಆಗ್ತಿದೆ, ಮನೆಗೆ ಹೋಗೋಣ" ಅಂತ ಶುರು ಮಾಡ್ತಾನೆ. ಇದರ ಬದಲು ಯಾವುದಾದ್ರೂ ಕೋಚಿಂಗಿಗೆ ಸೇರಿಸಿಬಿಟ್ರೆ ಸಾಕಲ್ವಾ? ಮರ ಗಿಡ ಮಣ್ಣು ಅಂತ ಅಷ್ಟೊಂದು ತಲೆ ಕೆಡಿಸ್ಕೋಬೇಕಾ?

ಉತ್ತರ: ಕೋಚಿಂಗಿಗೆ ಸೇರಿಸಿ, ಬೇಡ ಅನ್ನಲ್ಲ. ಆದ್ರೆ ಅದು ಮಾಡೋ ಕೆಲಸ ಬೇರೆ, ಸುಮ್ನೆ ಹೊರಗೆ ಬಿಟ್ಟಾಗ ಆಗೋ ಕೆಲಸ ಬೇರೆ. ಇನ್ನು ಆ "ಬೋರು" ಇದ್ಯಲ್ಲ, ಅದನ್ನ ನೀವು ಸೋಲು ಅಂದ್ಕೊಂಡು ಮನೆಗೆ ವಾಪಸ್ ಬರ್ತಿದ್ದೀರ, ನನ್ನ ಪ್ರಕಾರ ತಪ್ಪಾಗ್ತಿರೋದು ಅಲ್ಲೇ.

ಮೊದಲು ಆ ಒಂದು ಗಂಟೆ ವಿಷ್ಯ ಮುಗಿಸ್ತೀನಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ಅದೂ ಸ್ವಲ್ಪ ಏದುಸಿರು ಬರೋ ಥರದ ಚಟುವಟಿಕೆ. ಮಾತಾಡೋಕಾಗ್ಬೇಕು ಹಾಡೋಕಾಗ್ಬಾರ್ದು, ಅಂದಾಜಿಗೆ ಅಷ್ಟು ಇಟ್ಕೊಳ್ಳಿ. ಅದರಲ್ಲಿ ವಾರಕ್ಕೆ 3 ದಿನ ಓಟ, ಜಿಗಿತ, ಹತ್ತೋದು ಈ ಥರ ಮೂಳೆಗೆ ಮಾಂಸಖಂಡಕ್ಕೆ ಭಾರ ಬೀಳೋ ಆಟ ಇರ್ಬೇಕು. "ಸರಾಸರಿ" ಅನ್ನೋ ಪದ ನೋಡಿ ಮತ್ತೆ, ಸೋಮವಾರ ಪರೀಕ್ಷೆ ಅಂತ ಆಡ್ದೇ ಇದ್ರೆ ಆಕಾಶ ಬಿದ್ದೋಗಲ್ಲ, ಭಾನುವಾರ ಎರಡು ಗಂಟೆ ಆಡ್ಲಿ. ಇನ್ನೂ ಚಿಕ್ಕವರು, 3-4 ವರ್ಷದವರಿಗೆ ಇಡೀ ದಿನದಲ್ಲಿ ಒಟ್ಟು 180 ನಿಮಿಷ ಓಡಾಟ ಬೇಕು, ಅದರಲ್ಲಿ 60 ನಿಮಿಷ ಜೋರಾಗಿ. ನಿಮ್ಮ ಮಗನೊಬ್ಬನೇ ಹೀಗೆ ಅಂತ ಬೇಜಾರು ಮಾಡ್ಕೋಬೇಡಿ, 146 ದೇಶಗಳ ಲೆಕ್ಕ ಹಾಕಿ ನೋಡಿದಾಗ 2016ರಲ್ಲಿ ಸ್ಕೂಲಿಗೆ ಹೋಗೋ 11ರಿಂದ 17 ವರ್ಷದವರಲ್ಲಿ ಶೇ. 81 ಮಂದಿ ದಿನದ ಆ 60 ನಿಮಿಷನೂ ಮಾಡ್ತಿರ್ಲಿಲ್ಲ, ಹುಡುಗೀರಲ್ಲಂತೂ ಶೇ. 85.

ಈಗ ಕೋಚಿಂಗು. ನನ್ನ ಮಗಳ ಕ್ಲಾಸ್ ಹೊರಗೆ ಕೂತು ಎಷ್ಟೋ ಸಂಜೆ ನೋಡಿದೀನಿ, ಒಂದು ಗಂಟೆ ಕ್ಲಾಸಲ್ಲಿ ಲೈನಲ್ಲಿ ನಿಂತು ತನ್ನ ಸರದಿಗೆ ಕಾಯೋದು, ಸರ್ ಹೇಳೋದು ಕೇಳೋದು, ನೀರು ಕುಡಿಯೋದು, ಶೂ ಲೇಸ್ ಕಟ್ಕೊಳ್ಳೋದು, ಇದನ್ನೆಲ್ಲ ಕಳೆದ್ರೆ ನಿಜವಾಗ್ಲೂ ಓಡೋ ಹೊತ್ತು ನಾವಂದ್ಕೊಂಡಷ್ಟು ಇರಲ್ಲ. ಆಟದ ಟೆಕ್ನಿಕ್ ಕಲಿಯೋಕೆ, ಟೀಮ್ ಅಂದ್ರೇನು ಅಂತ ತಿಳಿಯೋಕೆ ಅದು ಒಳ್ಳೇದೇ. ಆದ್ರೆ ಅಲ್ಲಿ ಏನು ಮಾಡ್ಬೇಕು ಅನ್ನೋದನ್ನ ಬೇರೆಯವರೇ ಹೇಳ್ತಾರೆ, ಮಗು ತಾನೇ ಏನೂ ಹುಡುಕ್ಕೊಳ್ಳಬೇಕಾಗಿಲ್ಲ. ಕೋಚಿಂಗು ಒಳಾಂಗಣದಲ್ಲಾದ್ರೆ ಇನ್ನೊಂದು ದೊಡ್ಡ ವಿಷ್ಯ ತಪ್ಪೋಗುತ್ತೆ. ಅದು ಕಣ್ಣು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಪೇರೆಂಟ್ಸಿಗೆ ಹೇಳಿದ್ರೆ ನಂಬಲ್ಲ. ದೂರದ್ದು ಮಂಜಾಗಿ ಕಾಣೋ ಸಮೀಪದೃಷ್ಟಿ ಬರೋದು ಕಣ್ಣುಗುಡ್ಡೆ ಹಿಂದಕ್ಕೆ ಉದ್ದ ಬೆಳೆದಾಗ. ಜೋರು ಬೆಳಕು ಕಣ್ಣಿಗೆ ಬಿದ್ದಾಗ ರೆಟಿನಾದಲ್ಲಿ, ಅಂದ್ರೆ ಕಣ್ಣಿನ ಹಿಂಭಾಗದ ಪರದೇಲಿ, ಡೋಪಮಿನ್ ಅನ್ನೋ ರಾಸಾಯನಿಕ ಬಿಡುಗಡೆ ಆಗುತ್ತೆ, ಅದು ಆ ಉದ್ದ ಬೆಳೆಯೋದಕ್ಕೆ ಬ್ರೇಕ್ ಹಾಕುತ್ತೆ ಅನ್ನೋದು ವಿಜ್ಞಾನಿಗಳು ಹೆಚ್ಚಾಗಿ ಒಪ್ಪೋ ವಿವರಣೆ. ಮನೆ ಒಳಗೆ ಲೈಟ್ ಹಾಕಿದ್ರೂ ಬೆಳಕು ಸಾಮಾನ್ಯವಾಗಿ 500 ಲಕ್ಸ್ (ಬೆಳಕು ಅಳೆಯೋ ಮಾನ) ದಾಟಲ್ಲ, ಹೊರಗೆ ಹಗಲಲ್ಲಿ ಸುಲಭವಾಗಿ 10,000 ದಾಟುತ್ತೆ, ಮರದ ನೆರಳಲ್ಲಿ ನಿಂತ್ರೂ ಮನೆಗಿಂತ ಎಷ್ಟೋ ಪಟ್ಟು ಜಾಸ್ತಿ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳ ಮೇಲೆ ಮೂರು ವರ್ಷ ಒಂದು ಪ್ರಯೋಗ ಮಾಡಿದ್ರು, ಆರು ಸ್ಕೂಲಲ್ಲಿ ದಿನಾ 40 ನಿಮಿಷ ಹೊರಗಿನ ಕ್ಲಾಸ್ ಸೇರಿಸಿದ್ರು, ಇನ್ನಾರು ಸ್ಕೂಲು ಇದ್ದ ಹಾಗೇ ನಡೀತು. 2015ರಲ್ಲಿ ಬಂದ ಫಲಿತಾಂಶ ಏನಪ್ಪಾ ಅಂದ್ರೆ ಮಾಮೂಲಿ ಸ್ಕೂಲುಗಳಲ್ಲಿ ಶೇ. 39.5 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿದ್ರೆ ಹೊರಗೆ ಬಿಟ್ಟ ಸ್ಕೂಲುಗಳಲ್ಲಿ ಶೇ. 30.4. ಬರೀ 40 ನಿಮಿಷಕ್ಕೆ! ತೈವಾನ್ ಅಂತೂ 2010ರಿಂದಲೇ ಸ್ಕೂಲು ಮಕ್ಕಳನ್ನ ದಿನಕ್ಕೆ 120 ನಿಮಿಷ ಹೊರಗೆ ಕಳಿಸಿ ಅಂತ ಕಾರ್ಯಕ್ರಮನೇ ಶುರು ಮಾಡ್ತು. ಇಲ್ಲಿ ಮಗು ಓಡ್ತಾ ಇರ್ಬೇಕು ಅಂತೇನಿಲ್ಲ, ಕೂತು ಮಣ್ಣು ಕೆದಕ್ತಾ ಇದ್ರೂ ಕಣ್ಣಿಗೆ ಲಾಭನೇ. ಈಗಾಗ್ಲೇ ಬಂದಿರೋ ಕನ್ನಡಕ ಇದರಿಂದ ಬಿಟ್ಟೋಗುತ್ತೆ ಅಂತ ಮಾತ್ರ ಅಂದ್ಕೋಬೇಡಿ, ಹಾಗಾಗಲ್ಲ.

ಸರಿ, ಬೋರಿಗೆ ಬರೋಣ.

ಟ್ಯಾಬಲ್ಲಿ ಕೆಲವೇ ಸೆಕೆಂಡಿಗೊಂದು ಹೊಸದು ತಾನಾಗೇ ಬಂದು ಮುಂದೆ ಬೀಳುತ್ತೆ. ಮರ ಹಾಗೆ ಮಾಡಲ್ಲ, ಸುಮ್ನೆ ನಿಂತಿರುತ್ತೆ. ಆ ವೇಗದಿಂದ ಈ ವೇಗಕ್ಕೆ ಇಳಿಯೋಕೆ ಮಗುಗೆ ಟೈಮ್ ಬೇಕು, ನಾನು ನೋಡಿರೋ ಹಾಗೆ ಹದಿನೈದು ಇಪ್ಪತ್ತು ನಿಮಿಷ, ಕೆಲವು ಮಕ್ಕಳಿಗೆ ಮೊದಲ ಮೂರ್ನಾಲ್ಕು ಸಲ ಏನೂ ಆಗೋದೇ ಇಲ್ಲ. ನೀವು ಐದನೇ ನಿಮಿಷಕ್ಕೇ ಎದ್ದುಬಿಟ್ರೆ ಆಟ ಶುರುವಾಗೋ ಜಾಗದವರೆಗೆ ಅವನು ಬಂದೇ ಇರಲ್ಲ.

ನಮ್ಮ ಮಗಳದ್ದೇ ಹೇಳ್ತೀನಿ. ಒಂದಿನ ಹೀಗೇ ಮುಖ ಊದಿಸ್ಕೊಂಡು ಬೆಂಚಲ್ಲಿ ಕೂತಿದ್ಲು, ನಾನೂ ಉತ್ತರ ಕೊಡ್ದೆ ಕೂತೆ. ಸ್ವಲ್ಪ ಹೊತ್ತಾದ್ಮೇಲೆ ಕಾಲ ಹತ್ರ ಹೋಗ್ತಿದ್ದ ಇರುವೆ ಸಾಲು ಕಾಣಿಸ್ತು ಅವಳಿಗೆ. ಬೆರಳಲ್ಲಿ ಸಾಲಿನ ಮಧ್ಯೆ ಅಡ್ಡಕ್ಕೆ ಉಜ್ಜಿದ್ಲು. ಇರುವೆಗಳು ಅಲ್ಲಿಗೆ ಬಂದು ಗಕ್ಕಂತ ನಿಂತು ಆ ಕಡೆ ಈ ಕಡೆ ತಿರುಗೋಕೆ ಶುರು ಮಾಡಿದ್ವು, ಮೀಸೆ ಆಡಿಸ್ಕೊಂಡು ಹುಡುಕ್ತಾ. "ಅಪ್ಪಾ, ಕಣ್ಣು ಕಾಣಲ್ವಾ ಅದಕ್ಕೆ, ದಾರಿ ಎದುರಿಗೇ ಇದ್ಯಲ್ಲ" ಅಂದ್ಲು. ಅವು ನೆಲದ ಮೇಲೆ ವಾಸನೆ ಬಿಟ್ಕೊಂಡು ಹೋಗ್ತವೆ, ಹಿಂದಿನವು ಅದನ್ನೇ ಮೂಸ್ಕೊಂಡು ಬರ್ತವೆ, ನೀನು ಆ ವಾಸನೆ ಅಳಿಸಿಬಿಟ್ಟೆ ಅಂದೆ. ಅಷ್ಟೇ ನೋಡಿ. ಗೂಡು ಎಲ್ಲಿದೆ ಅಂತ ಒಂದು ಕಡೆ ಓಡಿದ್ಲು, ಇನ್ನೊಂದು ತುದಿ ಆಚೆ ಮರದ ಮೇಲಕ್ಕೆ ಹೋಗ್ತಿತ್ತು, ಅಲ್ಲಿಗೂ ಓಡಿದ್ಲು, ಒಂದು ಇರುವೆ ಏನೋ ರೆಕ್ಕೆ ಹೊತ್ಕೊಂಡು ಹೊರಟಿದ್ದು ಈಗ ಎಲ್ಲಿಗೆ ಮುಟ್ತು ಅಂತ ವಾಪಸ್ ಓಡಿ ಬಂದ್ಲು, ಹೀಗೇ ಎಷ್ಟು ಸಲ ಓಡಿದ್ಲೋ ನನಗೆ ಲೆಕ್ಕ ತಪ್ಪೋಯ್ತು. ಮುಖ ಕೆಂಪಗೆ, ಏದುಸಿರು. ಎಕ್ಸರ್‌ಸೈಜ್ ಮಾಡು ಅಂದಿದ್ರೆ ಒಂದು ರೌಂಡೂ ಓಡ್ತಿರ್ಲಿಲ್ಲ ಅವಳು.

ಅದಕ್ಕೇ ನಾನು ಹೇಳೋದು, ಹೊರಗೆ ಹೋಗೋವಾಗ "ಆರೋಗ್ಯಕ್ಕೆ ಒಳ್ಳೇದು" ಅನ್ನೋ ಮಾತೇ ಎತ್ತಬೇಡಿ. ಕೈಗೆ ಏನಾದ್ರೂ ಸಿಗೋ ಜಾಗ ನೋಡಿ. ಕಡ್ಡಿ, ಕಲ್ಲು, ಒಣಗಿದೆಲೆ, ನೀರು, ಮಣ್ಣು. ಸೈಮನ್ ನಿಕೋಲ್ಸನ್ ಅನ್ನೋ ಬ್ರಿಟಿಷ್ ಕಲಾವಿದರು 1971ರಲ್ಲೇ ಇದನ್ನ ಬರೆದಿದ್ರು, ಜಾಗದಲ್ಲಿ ಎತ್ತಿಡೋಕೆ ಬದಲಾಯಿಸೋಕೆ ಆಗೋ ಬಿಡಿ ವಸ್ತುಗಳು ಎಷ್ಟಿರ್ತವೋ ಮಕ್ಕಳ ಕಲ್ಪನೆನೂ ಅಷ್ಟು ಓಡುತ್ತೆ ಅಂತ. ಬಣ್ಣಬಣ್ಣದ ಜಾರುಬಂಡೆಗೆ ಹತ್ತೋದು ಇಳಿಯೋದು ಬಿಟ್ರೆ ಬೇರೆ ದಾರಿ ಇಲ್ಲ, ಹತ್ತು ಸಲ ಆದ್ಮೇಲೆ ಯಾರಿಗಾದ್ರೂ ಸಾಕಾಗುತ್ತೆ. ದಿನಾ ಹೊಸ ಜಾಗ ಹುಡುಕೋ ಅಗತ್ಯನೂ ಇಲ್ಲ, ಅದೇ ಜಾಗಕ್ಕೆ ಮತ್ತೆ ಮತ್ತೆ ಹೋದ್ರೇನೇ "ನಿನ್ನೆ ಇದ್ದ ಗೂಡು ಇವತ್ತಿಲ್ಲ" ಅಂತ ಗೊತ್ತಾಗೋದು. ಜೊತೆಗೆ ಇನ್ನೊಂದು ಮಗು ಇದ್ರೆ ನಿಮ್ಮ ಕೆಲಸ ಅರ್ಧ ಮುಗೀತು. ಪಾರ್ಕೇ ಇಲ್ಲ ಅನ್ನೋರು ರಸ್ತೆ ಬದಿಯ ಒಂದು ಮರವನ್ನೇ ಹಿಡ್ಕೊಳ್ಳಿ, ಸಾಕು.

ಬಿದ್ರೆ ಅಂತ ಭಯ ಆಗುತ್ತೆ, ಗೊತ್ತು. ನಾನು ಇಟ್ಕೊಂಡಿರೋ ಒಂದೇ ನಿಯಮ ಅಂದ್ರೆ ಮರದ ಮೇಲಕ್ಕೆ ನಾನು ಎತ್ತಿ ಕೂರಿಸಲ್ಲ, ತಾನೇ ಹತ್ತೋಕೆ ಆಗೋಷ್ಟು ಎತ್ತರ ಹತ್ತಲಿ, ತಾನೇ ಹತ್ತಿದ ಮಗುಗೆ ಇಳಿಯೋ ದಾರಿನೂ ಬಹುತೇಕ ಗೊತ್ತಿರುತ್ತೆ. ಒಣಗಿದ ಕೊಂಬೆ, ಗಾಜಿನ ಚೂರು, ಪಕ್ಕದಲ್ಲಿ ವಾಹನ, ಇಂಥದ್ದನ್ನ ಮಗು ಅಂದಾಜು ಮಾಡೋಕಾಗಲ್ಲ, ಅದನ್ನ ನೋಡ್ಕೊಳ್ಳೋದು ನಮ್ಮ ಕೆಲಸ. ಉಳಿದಿದ್ದಕ್ಕೆಲ್ಲ ಸುಮ್ನೆ "ಹುಷಾರು ಹುಷಾರು" ಅಂತ ಕೂಗಿದ್ರೆ ಅವರು ಕಾಲಿಡೋ ಜಾಗ ಬಿಟ್ಟು ನಿಮ್ಮ ಮುಖ ನೋಡ್ತಾರೆ, ಅದು ಇನ್ನೂ ಡೇಂಜರ್. ಮುಂದಿನ ಕಾಲು ಎಲ್ಲಿಡ್ತೀಯ ಅಂತ ಕೇಳಿ.

ಮಣ್ಣಿನ ಬಗ್ಗೆ ಒಂದೇ ಮಾತು. ಫಿನ್‌ಲ್ಯಾಂಡಲ್ಲಿ ಡೇಕೇರ್ ಅಂಗಳಕ್ಕೆ ಕಾಡಿನ ನೆಲದ ಹೊದಿಕೆ ತಂದು ಹಾಸಿ 28 ದಿನ ಮಕ್ಕಳನ್ನ ಆಡಿಸಿದ್ರು, ಚರ್ಮದ ಮೇಲಿನ ಒಳ್ಳೇ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಾಯ್ತು, ರೋಗನಿರೋಧಕ ವ್ಯವಸ್ಥೆಗೆ ಸಂಬಂಧಪಟ್ಟ ಕೆಲವು ಅಂಶಗಳೂ ಒಳ್ಳೇ ಕಡೆಗೆ ತಿರುಗಿದ್ವು, 2020ರಲ್ಲಿ ಪ್ರಕಟವಾಗಿದೆ. ಸಣ್ಣ ಅಧ್ಯಯನ, ಹಾಗಂತ ಮಣ್ಣು ತಿನ್ನಿಸಿ ಅಂತಲ್ಲ, ಮನೆಗೆ ಬಂದು ಕೈ ತೊಳೆಸಿದ್ರಾಯ್ತು.

ನಿಮ್ಮ ಮಗನ ವಿಷ್ಯಕ್ಕೆ ಬಂದ್ರೆ, ಕೋಚಿಂಗಿಗೆ ವಾರದಲ್ಲಿ ಎರಡು ಮೂರು ಸಂಜೆ ಕೊಡಿ, ಉಳಿದ ಸಂಜೆಗಳನ್ನ ಖಾಲಿ ಬಿಡಿ. ಮುಂದಿನ ಸಲ ಬೋರು ಅಂದಾಗ "ಹ್ಞೂಂ" ಅಂದು ಸುಮ್ನಿರಿ, ಇಪ್ಪತ್ತು ನಿಮಿಷ ಏಳಬೇಡಿ, ನಿಮ್ಮ ಫೋನ್ ಮಾತ್ರ ತೆಗೀಬೇಡಿ, ಅದು ಕಣ್ಣಿಗೆ ಬಿದ್ರೆ ಅವನೂ ಕೇಳ್ತಾನೆ. ಮತ್ತೆ ಹಳೇ ಬಟ್ಟೆ ಹಾಕಿಸ್ಕೊಂಡು ಹೋಗಿ, ಹೊಸದು ಹಾಕಿಸಿದ್ರೆ "ಕೊಳೆ ಮಾಡ್ಕೋಬೇಡ" ಅನ್ನೋದು ನಿಮ್ಮ ಬಾಯಿಂದ ತಾನಾಗೇ ಬಂದುಬಿಡುತ್ತೆ.