ಸುಲ್ತಾನರ ಮನೆ ಕಚೇರಿಯಾದ ಕಥೆ

ವಿಜಯಪುರದ ಅರಕಿಲ್ಲಾದಲ್ಲಿ, ಅಂದರೆ ಸುಲ್ತಾನರ ಅರಮನೆಗಳಿದ್ದ ಒಳಕೋಟೆಯಲ್ಲಿ, ಒಂದು ಸುತ್ತು ಹಾಕಿದರೆ ತಲೆ ತಿರುಗುತ್ತದೆ. ಈ ಗೋಡೆ ಸಂರಕ್ಷಿತ ಸ್ಮಾರಕ. ಪಕ್ಕದ್ದು ಸರ್ಕಾರಿ ಕಟ್ಟಡ. ಅದರಾಚೆ ಯಾರದೋ ಮನೆ. ಯಾವುದು ಯಾರದು, ಯಾರು ರಿಪೇರಿ ಮಾಡಬೇಕು ಅನ್ನೋದೇ ತಿಳಿಯುವುದಿಲ್ಲ.

ಮೊದಲಿನದನ್ನು ಬೇಗ ಹೇಳಿಬಿಡುತ್ತೇನೆ. ಇಲ್ಲಿನ ಸುಲ್ತಾನ ಒಂದನೇ ಅಲಿ ಆದಿಲ್ ಶಾ 1561ರ ಸುಮಾರಿಗೆ ಗಗನ ಮಹಲ್ ಕಟ್ಟಿಸಿದ. ತಂಬೂರಿ ಹಿಡಿದು ಹಾಡುತ್ತಿದ್ದ, ಸರಸ್ವತಿಯನ್ನು ನೆನೆದು ಪದ ಬರೆದ ಸುಲ್ತಾನ ಎರಡನೇ ಇಬ್ರಾಹಿಂ, 1589ರಲ್ಲಿ ಆನಂದ ಮಹಲ್ ಕಟ್ಟಿಸಿದ. 1686ರಲ್ಲಿ ಔರಂಗಜೇಬ ಊರು ಗೆದ್ದ ಮೇಲೆ ಮಹಲುಗಳು ಹಾಳು ಬಿದ್ದವು. ಗಗನ ಮಹಲಿನ ಮರದ ಅಟ್ಟಗಳು ಹೋಗಿ, ಸುಮಾರು 60 ಅಡಿ ಅಗಲದ ಕಮಾನು ಬಯಲಲ್ಲಿ ನಿಂತಿತು.

ಈಗಿನ ಗೊಂದಲ ಶುರುವಾದದ್ದು 1885ರಲ್ಲಿ. ಆಗಷ್ಟೇ ರೈಲು ಬಂದಿತ್ತು. ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ಬ್ರಿಟಿಷ್ ಸಾಹೇಬರಿಗೆ ಬಂಗಲೆ ಬೇಕು, ಗುಮಾಸ್ತರಿಗೆ ಕಚೇರಿ ಬೇಕು. ಗಟ್ಟಿ ಗೋಡೆಯ ಮಹಲುಗಳು ಖಾಲಿ ಬಿದ್ದಿದ್ದವು. ಹೊಸದು ಯಾಕೆ ಕಟ್ಟಬೇಕು, ಅಲ್ವಾ? ಚೀನಿ ಮಹಲ್ ಕಚೇರಿಯಾಯಿತು. ಅದಾಲತ್ ಮಹಲ್ ಕಲೆಕ್ಟರರ ಮನೆಯಾಯಿತು. ಜೋಡ ಗುಮ್ಮಟದ ಒಂದು ಗೋರಿಯಲ್ಲಿ ಇಂಜಿನಿಯರ್ ಸಂಸಾರ ಹೂಡಿದರು.

ಅದರಿಂದ ಕಟ್ಟಡ ಉಳಿದದ್ದೂ ನಿಜ. ವಿಜಯಪುರದ ಪಕ್ಕದ ತೊರವಿ ಹತ್ತಿರದ ನವರಸಪುರ ನೋಡಿ. ಇಬ್ರಾಹಿಂ 1599ರಲ್ಲಿ ಶುರು ಮಾಡಿದ ಊರು ಅದು. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರನ ದಂಡು ಹಾಳು ಮಾಡಿತು. ಅಲ್ಲಿನ ಸಂಗೀತ ಮಹಲಿಗೆ ಯಾವ ಗುಮಾಸ್ತನೂ ಬರಲಿಲ್ಲ. ಇವತ್ತು ಅದಕ್ಕೆ ಸೂರಿಲ್ಲ.

ಆದರೆ ಕಚೇರಿಯಾದ ಮನೆ ಬೇರೆ ರೀತಿಯಲ್ಲಿ ಕಳೆದುಹೋಗುತ್ತದೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೊಲದ ಉತಾರ (ಪಹಣಿ) ತರಲು ಅಂಥದೊಂದು ಹಳೇ ಕಟ್ಟಡಕ್ಕೆ ಹೋಗಿದ್ದೆ. ಗಚ್ಚಿನ ಮೇಲೆ ಪದರು ಪದರು ಸುಣ್ಣ. ಕಮಾನಿಗೇ ಮೊಳೆ ಹೊಡೆದು ವೈರ್ ಎಳೆದಿದ್ದರು. ಸುಣ್ಣ ಉದುರಿದ ಕಡೆ ಅಂಗೈಯಷ್ಟು ಹೂಬಳ್ಳಿ ಕಾಣುತ್ತಿತ್ತು. ಅದನ್ನು ಮುಟ್ಟುತ್ತಾ ಒಂದು ತಾಸು ನಿಂತೆ. ಇದು ಯಾರ ಮನೆ ಅಂತ ಯಾರೂ ಹೇಳಲಿಲ್ಲ. ಆ ಪ್ರಶ್ನೆ ಈಗಲೂ ನನ್ನನ್ನು ಕಾಡುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಹೊಸ ಕಾನೂನು ಬಂತು. 1958ರ ಕಾಯ್ದೆಯಲ್ಲಿ ಸಂರಕ್ಷಿತ ಸ್ಮಾರಕಗಳಿಗೆ ರಕ್ಷಣೆ ಸಿಕ್ಕಿತು. 2010ರ ತಿದ್ದುಪಡಿಯಿಂದ ಅವುಗಳ ಸುತ್ತ 100 ಮೀಟರ್‌ನಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಅಕ್ಕಪಕ್ಕ ಇಷ್ಟೊಂದು ಸ್ಮಾರಕ ಇರುವ ಊರಲ್ಲಿ ಈ ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ಇದ್ದ ಮನೆ ರಿಪೇರಿಗೂ ಒಪ್ಪಿಗೆ ಬೇಕು. ಸ್ಮಾರಕ ಉಳಿಯಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಮಳೆಗಾಲ ಹತ್ತಿರ ಬಂದಾಗ, ಸೋರುವ ಮಾಳಿಗೆ ಸರಿಮಾಡಲು ಕಾಗದ ಹಿಡಿದು ಓಡಾಡುವವರು ಆ ಮಹಲುಗಳ ನೆರೆಹೊರೆಯವರೇ.